ಹತ್ತು ಲಕ್ಷಕ್ಕೆ ಐವತ್ತು ಯೂರೋ

ಮಾರ್ಚ್ ತಿಂಗಳ ಸಂಬಳದ ಸ್ಲಿಪ್ ನೋಡಿ ಹೊಟ್ಟೆ ಉರಿದುಕೊಳ್ಳೋರಲ್ಲಿ ನಾನೂ ಒಬ್ಬ. ನಮ್ಮ ತೆರಿಗೆಯಲ್ಲಿ ಚೌಕಾಸಿಗೆ ಜಾಗವೇ ಇಲ್ಲ; ದುಡ್ಡು ಕೈಗೆ ಬರೋ ಮೊದಲೇ ಟಿಡಿಎಸ್ ಹಿಡಿದು ಆಗಿರುತ್ತೆ. ದೊಡ್ಡ ಕಂಪನಿಗಳ ಲೆಕ್ಕವೂ ಹೀಗೇ ಖಚಿತವಾಗಿರುತ್ತೆ ಅಂದುಕೊಂಡಿದ್ದೆ. ಆಪಲ್‌ನ 2024ರ ವಾರ್ಷಿಕ ವರದಿ ಓದುವವರೆಗೆ.

ವಾರ್ಷಿಕ ವರದಿಯಲ್ಲಿ 'ಎಫೆಕ್ಟಿವ್ ಟ್ಯಾಕ್ಸ್ ರೇಟ್' ಅಂತ ಒಂದು ಸಾಲು ಇರುತ್ತೆ. ತೆರಿಗೆಗೆ ಮುಂಚಿನ ಲಾಭ ನೂರು ರೂಪಾಯಿ ಇದ್ದರೆ, ತೆರಿಗೆ ಖರ್ಚು ಅಂತ ಎಷ್ಟು ಬರೆದುಕೊಂಡಿದ್ದಾರೆ ಅನ್ನೋ ಲೆಕ್ಕ ಅದು. ಆಪಲ್‌ದು 2023ರಲ್ಲಿ ಶೇ. 14.7 ಇತ್ತು, 2024ರಲ್ಲಿ ಶೇ. 24.1 ಆಯ್ತು. ಅಮೆರಿಕದ ಕೇಂದ್ರ ಸರ್ಕಾರದ ದರ ಮಾತ್ರ ಎರಡೂ ವರ್ಷ ಶೇ. 21. ಹಾಗಿದ್ರೆ ಈ ಜಿಗಿತ ಎಲ್ಲಿಂದ ಬಂತು?

ಉತ್ತರ ಹುಡುಕಿದರೆ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋಗಬೇಕು. ಆಪಲ್ ಅಲ್ಲಿ ಕಾರ್ಖಾನೆ ತೆರೆದದ್ದು 1980ರಲ್ಲಿ. ಕೆಲಸ ಸಿಗದೆ ಐರಿಷ್ ಹುಡುಗರು ದೇಶ ಬಿಟ್ಟು ಹೋಗ್ತಿದ್ದ ಕಾಲ. 1991ರಲ್ಲಿ ಅಲ್ಲಿನ ತೆರಿಗೆ ಇಲಾಖೆ, ಆಪಲ್‌ನ ಐರಿಷ್ ಕಂಪನಿಗಳ ಲಾಭ ಲೆಕ್ಕ ಹಾಕೋ ಒಂದು ವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. 2007ರಲ್ಲಿ ಅದನ್ನ ತಿದ್ದಿ ಮುಂದುವರಿಸಿತು. ಅದರ ಪ್ರಕಾರ ಲಾಭದ ಬಹುಪಾಲು ಹೋಗ್ತಿದ್ದದ್ದು 'ಹೆಡ್ ಆಫೀಸ್' ಲೆಕ್ಕಕ್ಕೆ. ಆ ಹೆಡ್ ಆಫೀಸಿಗೆ ದೇಶ ಇಲ್ಲ, ಕಟ್ಟಡ ಇಲ್ಲ, ಒಬ್ಬ ನೌಕರನೂ ಇಲ್ಲ!

ಯುರೋಪಿಯನ್ ಕಮಿಷನ್ 2016ರಲ್ಲಿ ಲೆಕ್ಕ ಬಿಚ್ಚಿಟ್ಟಿತು. ಆಪಲ್ ಸೇಲ್ಸ್ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ ತನ್ನ ಯುರೋಪಿನ ಲಾಭದ ಮೇಲೆ ಕಟ್ಟಿದ ತೆರಿಗೆ 2003ರಲ್ಲಿ ಶೇ. 1, 2014ರಲ್ಲಿ ಶೇ. 0.005. ಅಂದರೆ ಹತ್ತು ಲಕ್ಷ ಯೂರೋ ಲಾಭಕ್ಕೆ ಐವತ್ತು ಯೂರೋ! 1,300 ಕೋಟಿ ಯೂರೋವರೆಗೆ ವಸೂಲಿ ಮಾಡಿ ಅಂತ ಕಮಿಷನ್ ಐರ್ಲೆಂಡಿಗೆ ಆದೇಶ ಕೊಟ್ಟಿತು. ತಮಾಷೆ ನೋಡಿ, ಆ ದುಡ್ಡು ನಮಗೆ ಬೇಡ ಅಂತ ಐರ್ಲೆಂಡೇ ಆಪಲ್ ಜೊತೆ ಕೋರ್ಟಿಗೆ ಹೋಯ್ತು. ಕರೆದು ಕೂರಿಸಿದ ಕಂಪನಿಗಳ ನಂಬಿಕೆ ಹೋಗಬಾರದಲ್ಲ.

ಆಪಲ್ ವಾದವನ್ನೂ ಕೇಳಬೇಕು. ಐಫೋನ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಆ ಲಾಭದ ತೆರಿಗೆ ಅಮೆರಿಕಕ್ಕೆ ಸೇರಬೇಕಾದ್ದು ಅಂತ ಅವರ ಮಾತು. ಆದರೆ 2017ರಲ್ಲಿ ಅಮೆರಿಕದ ಕಾನೂನು ಬದಲಾಗುವವರೆಗೆ, ಹೊರದೇಶದ ಲಾಭವನ್ನ ತವರಿಗೆ ತರದೆ ಆ ತೆರಿಗೆಯನ್ನ ಮುಂದೂಡುತ್ತಾ ಹೋಗಬಹುದಿತ್ತು.

ಇಂಥ ಅನುಮಾನದ ತೆರಿಗೆಯನ್ನ ಪುಸ್ತಕದಲ್ಲಿ ಹೇಗೆ ಬರೀಬೇಕು? ಅಮೆರಿಕದಲ್ಲಿ ಇದಕ್ಕೆ 2006ರಲ್ಲಿ 'ಫಿನ್ 48' ಅನ್ನೋ ನಿಯಮ ಬಂತು. ತೆರಿಗೆ ಅಧಿಕಾರಿಗೆ ಎಲ್ಲಾ ವಿಷಯ ಗೊತ್ತಿದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ನಿಮ್ಮ ವಾದ ನಿಲ್ಲೋ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದೆಯಾ? ಇಲ್ಲ ಅಂದ್ರೆ ಆ ತೆರಿಗೆಯನ್ನ ಈಗಲೇ ಖರ್ಚಾಗಿ ಬರೆದುಕೊಳ್ಳಿ. ನಮ್ಮಲ್ಲೂ 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 12ರಲ್ಲಿ ಇಂಥದ್ದೇ ನಿಯಮ ಇದೆ.

ಆಪಲ್‌ಗೆ ಗೆಲ್ಲೋ ನಂಬಿಕೆ ಇತ್ತು. 2018ರಲ್ಲಿ ಬಡ್ಡಿ ಸೇರಿ ಸುಮಾರು 1,430 ಕೋಟಿ ಯೂರೋ ಎಸ್ಕ್ರೋ ಖಾತೆಗೆ ಹೋದರೂ ಅದನ್ನ ಖರ್ಚು ಅಂತ ಬರೆಯದೆ ತನ್ನ ಆಸ್ತಿಯಲ್ಲೇ ತೋರಿಸಿತು. 2020ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದದ್ದೂ ಹೌದು. 2024ರ ಸೆಪ್ಟೆಂಬರ್ 10ರಂದು ಯುರೋಪಿನ ಅತ್ಯುನ್ನತ ಕೋರ್ಟು ಆ ತೀರ್ಪನ್ನ ತಳ್ಳಿಹಾಕಿತು. ಒಂದೇ ತ್ರೈಮಾಸಿಕದಲ್ಲಿ 1,020 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಖರ್ಚು ಬಿತ್ತು. ನನಗೆ ಕಂಡ ಆ ಶೇ. 24.1ರ ಗುಟ್ಟು ಇಷ್ಟೇ.

2014ರ ಲಾಭದ ತೆರಿಗೆ ಎಷ್ಟು ಅನ್ನೋದು ಖಚಿತ ಆಗೋಕೆ ಹತ್ತು ವರ್ಷ ಬೇಕಾಯ್ತು. ಅಷ್ಟರಲ್ಲಿ ಆ ಲಾಭದ ಅಂಕಿ ನಂಬಿ ಶೇರು ಕೊಂಡವರೆಷ್ಟೋ, ಮಾರಿದವರೆಷ್ಟೋ. ನಾನಂತೂ ಈಗ ಯಾವ ಕಂಪನಿಯ ವರದಿ ಸಿಕ್ಕರೂ ಅಧ್ಯಕ್ಷರ ಪತ್ರ ಆಮೇಲೆ ಓದ್ತೀನಿ. ಮೊದಲು ಕೊನೇ ಪುಟಗಳಿಗೆ ಹೋಗಿ, ತೆರಿಗೆ ವ್ಯಾಜ್ಯಗಳ ಟಿಪ್ಪಣಿಯಲ್ಲಿ ಎಷ್ಟು ಕೋಟಿ ನೇತಾಡ್ತಿದೆ ಅಂತ ನೋಡ್ತೀನಿ.