ವೆನಿನಿ

ಇಟಲಿಯ ಮುರಾನೊ ದ್ವೀಪದ ಕಲಾಗಾಜಿನ ಸಂಸ್ಥೆ. ಬೆಂಕಿಯ ಭಯದಿಂದ ವೆನಿಸ್ ನಗರ ತನ್ನ ಗಾಜಿನ ಕುಲುಮೆಗಳನ್ನು 1291ರಲ್ಲಿ ಹೊರಹಾಕಿದ ಮೇಲೆ ಮುರಾನೊ ಈ ಕಸುಬಿನ ನೆಲೆಯಾಯಿತು. ಮಿಲಾನಿನ ವಕೀಲ ಪಾವೊಲೊ ವೆನಿನಿ ಮತ್ತು ವೆನಿಸ್‌ನ ಹಳೆಯ ಕಲಾವಸ್ತುಗಳ ವ್ಯಾಪಾರಿ ಜಾಕೊಮೊ ಕಪೆಲಿನ್ 1921ರಲ್ಲಿ ಸಂಸ್ಥೆಯನ್ನು ಕಟ್ಟಿದರು; 1925ರಲ್ಲಿ ಬೇರೆಯಾದರು. ಮೊದಲ ಕಲಾನಿರ್ದೇಶಕ ವಿತ್ತೋರಿಯೊ ಜೆಕ್ಕಿನ್ ರೂಪಿಸಿದ ‘ವೆರೊನೇಸೆ’ ಹೂದಾನಿ, 16ನೇ ಶತಮಾನದ ಚಿತ್ರಕಾರ ವೆರೊನೇಸೆಯ ಚಿತ್ರವೊಂದರಿಂದ ಎತ್ತಿಕೊಂಡದ್ದು.

ಸಂಸ್ಥೆಯ ನಿಜವಾದ ಹಿರಿಮೆ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ (1932–47) ಕಾಲದ್ದು. ‘ಬಟ್ಟೂಟೊ’ ವಿಧಾನದಲ್ಲಿ ಆರಿದ ಗಾಜಿನ ಮೈಯನ್ನು ಸಾಣೆಚಕ್ರಕ್ಕೆ ಒಡ್ಡಿ, ಸುತ್ತಿಗೆಯಿಂದ ಬಡಿದ ತಾಮ್ರದ ಹಾಗೆ ಸಣ್ಣ ಸಣ್ಣ ತಗ್ಗು ಮೂಡಿಸುತ್ತಿದ್ದರು. ಜನಪ್ರಿಯತೆಯಲ್ಲಿ ಮಾತ್ರ ವಿನ್ಯಾಸಕಾರ ಫುಲ್ವಿಯೊ ಬಿಯಾಂಕೋನಿ ಹೆಸರಿನೊಂದಿಗೆ ಬೆಸೆದ, 1940ರ ದಶಕದ ಕೊನೆಯ ‘ಫಾತ್ಸೊಲೆತ್ತೊ’ ಹೂದಾನಿಯೇ ಮುಂದು: ಮೇಲೆತ್ತಿ ಹಿಡಿದ ಕರವಸ್ತ್ರದಂತೆ ಅದರ ಅಂಚು ಮಡಿಕೆಮಡಿಕೆಯಾಗಿ ನಿಲ್ಲುತ್ತದೆ. ನಕಲುಗಳೂ ಅಷ್ಟೇ ಹೇರಳ.

ಪಾವೊಲೊ 1959ರಲ್ಲಿ ತೀರಿಕೊಂಡರು. 1972ರ ಅಗ್ನಿ ಅನಾಹುತದಲ್ಲಿ ಕಾರ್ಖಾನೆಗೆ ಭಾರಿ ಹಾನಿಯಾಯಿತು. ಹಳೆಯ ವಿನ್ಯಾಸಗಳನ್ನು ಸಂಸ್ಥೆ ಮತ್ತೆ ಮತ್ತೆ ತಯಾರಿಸುವುದರಿಂದ, ಆಕಾರ ನೋಡಿ ಕಾಲ ಹೇಳಲಾಗದು. ಗ್ಯಾಲರಿಯವರು ಮೊದಲು ಹೂದಾನಿಯನ್ನು ಮಗುಚಿ, ತಳದಲ್ಲಿ ಆಮ್ಲದಿಂದ ಒತ್ತಿದ ಮುದ್ರೆಯನ್ನೋ ಕೊರೆದ ಸಹಿಯನ್ನೋ ಹುಡುಕುತ್ತಾರೆ.