ಸ್ವಯಂಹಾನಿಯ ನಂತರದ ಆರೈಕೆ

ಸ್ವಯಂಹಾನಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದವರಿಗೆ ದೀರ್ಘಕಾಲ ನೀಡುವ ಮನೋವೈದ್ಯಕೀಯ ಹಾಗೂ ಸಾಮಾಜಿಕ ಬೆಂಬಲ. ಬಿಡುಗಡೆಯಾದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು. ಆದರೂ ಬಹುಪಾಲು ರೋಗಿಗಳು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಚೆನ್ನೈ ಸೇರಿ ಐದು ದೇಶಗಳ ಕೇಂದ್ರಗಳಲ್ಲಿ 1,867 ರೋಗಿಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದು ಗಂಟೆಯ ಸಮಾಲೋಚನೆ ಮತ್ತು 18 ತಿಂಗಳ ಸಂಪರ್ಕ ದೊರೆತವರಲ್ಲಿ ಆತ್ಮಹತ್ಯೆಯ ಸಾವು ಶೇ. 0.2, ಉಳಿದವರಲ್ಲಿ ಶೇ. 2.2, ಇಷ್ಟು ಅಲ್ಪವೆಚ್ಚದ ಕ್ರಮಕ್ಕೆ ಇದು ಗಮನಾರ್ಹ ಫಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರ ಆರೈಕೆ, ಪುನರ್ವಸತಿಗಳನ್ನು ಸರ್ಕಾರದ ಹೊಣೆಯಾಗಿಸಿದೆ. ಸರ್ಕಾರಿ ವ್ಯವಸ್ಥೆಗೆ ಉದಾಹರಣೆಯಾಗಿ, ಕರ್ನಾಟಕದ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಸ್ಪತ್ರೆಯಿದ್ದು, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ತಾಲ್ಲೂಕು ಮಟ್ಟಕ್ಕೆ ಮನೋವೈದ್ಯರನ್ನು ಮಂಗಳವಾರಗಳಂದು ಕಳುಹಿಸುವುದು ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416, ಹಗಲಿರುಳೂ ಲಭ್ಯ.