ಹಾರ್ಮೋನು ನಿಗ್ರಹ ಚುಚ್ಚುಮದ್ದು: ರೋಗಿಗಳ ಅನುಭವ, ಅಡ್ಡ ಪರಿಣಾಮಗಳು ಹಾಗೂ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಪೀಠಿಕೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಕೆಲವು ಬಗೆಯ ಸ್ತನ ಕ್ಯಾನ್ಸರ್, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಫೈಬ್ರಾಯಿಡ್ ಗಡ್ಡೆ ಹಾಗೂ ಮಕ್ಕಳಲ್ಲಿ ಕಂಡುಬರುವ ಅಕಾಲಿಕ ಪ್ರೌಢತೆ, ಈ ತೊಂದರೆಗಳ ಚಿಕಿತ್ಸೆಯಲ್ಲಿ ದೇಹದ ಲೈಂಗಿಕ ಹಾರ್ಮೋನುಗಳ ಉತ್ಪತ್ತಿಯನ್ನು ತಗ್ಗಿಸುವ ಚುಚ್ಚುಮದ್ದುಗಳನ್ನು ವೈದ್ಯರು ನೀಡುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಲ್ಯುಪ್ರೊಲೈಡ್, ಗೊಸೆರೆಲಿನ್ ಮತ್ತು ಟ್ರಿಪ್ಟೊರೆಲಿನ್.

ಈ ಚಿಕಿತ್ಸೆಯ ಅವಧಿಯಲ್ಲಿ ರೋಗಿಗೆ ಮೈ ಬಿಸಿಯೇರುವುದು, ಬೆವರು, ಆಯಾಸ, ಬೇಸರ ಮುಂತಾದ ಬದಲಾವಣೆಗಳು ಕಂಡುಬರುತ್ತವೆ. ಇವು ರೋಗ ಉಲ್ಬಣಿಸಿದ ಗುರುತುಗಳೆಂದು ತಪ್ಪಾಗಿ ತಿಳಿದು ಕೆಲವರು ಚುಚ್ಚುಮದ್ದನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಇವೆರಡೂ ಹಾನಿಕರ. ಬಹುತೇಕ ಅಡ್ಡ ಪರಿಣಾಮಗಳು ಹಾರ್ಮೋನಿನ ಮಟ್ಟ ಇಳಿದುದರ ಫಲವಾಗಿದ್ದು, ವೈದ್ಯರಿಗೆ ತಿಳಿಸಿದಲ್ಲಿ ಅವುಗಳನ್ನು ಕಡಿಮೆ ಮಾಡಲು ಮಾರ್ಗಗಳಿವೆ. ಈ ವಿಷಯವನ್ನು ರೋಗಿಗಳಿಗೆ ಹಾಗೂ ಅವರ ಕುಟುಂಬದವರಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಚುಚ್ಚುಮದ್ದು ಕೆಲಸ ಮಾಡುವ ಬಗೆ

ಮೆದುಳಿನ ಹೈಪೊಥಲಾಮಸ್ ಎಂಬ ಭಾಗವು ಬಿಟ್ಟು ಬಿಟ್ಟು ಒಂದು ಸಂಕೇತ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿಯು ಪುರುಷರಲ್ಲಿ ವೃಷಣಗಳಿಗೂ ಮಹಿಳೆಯರಲ್ಲಿ ಅಂಡಾಶಯಗಳಿಗೂ ಕೆಲಸ ಮಾಡುವಂತೆ ಸೂಚನೆ ನೀಡುತ್ತದೆ. ಇದರಿಂದ ಟೆಸ್ಟೋಸ್ಟೆರೋನ್ ಅಥವಾ ಈಸ್ಟ್ರೋಜನ್ ಉತ್ಪತ್ತಿಯಾಗುತ್ತದೆ. ಚುಚ್ಚುಮದ್ದಿನಲ್ಲಿರುವ ಔಷಧವು ಇದೇ ಸಂಕೇತವನ್ನು ಬಿಡುವಿಲ್ಲದೆ ನೀಡುತ್ತದೆ. ಸತತ ಪ್ರೇರಣೆಗೆ ಒಳಗಾದ ಪಿಟ್ಯುಟರಿಯು ಕೆಲವು ವಾರಗಳಲ್ಲಿ ಸ್ಪಂದಿಸುವುದನ್ನು ನಿಲ್ಲಿಸುತ್ತದೆ; ಪರಿಣಾಮವಾಗಿ ಲೈಂಗಿಕ ಹಾರ್ಮೋನುಗಳ ಮಟ್ಟ ಇಳಿಯುತ್ತದೆ. ಆ ಹಾರ್ಮೋನುಗಳನ್ನೇ ಆಧರಿಸಿ ಬೆಳೆಯುವ ರೋಗವು ಹತೋಟಿಗೆ ಬರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರಿಗೂ ಪುರುಷ ಹಾರ್ಮೋನಿಗೂ ಇರುವ ಸಂಬಂಧವನ್ನು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ ಅವರು 1941ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಗ ಇದ್ದ ಮುಖ್ಯ ಚಿಕಿತ್ಸೆಯೆಂದರೆ ಶಸ್ತ್ರಕ್ರಿಯೆಯ ಮೂಲಕ ವೃಷಣಗಳನ್ನು ತೆಗೆಯುವುದು. ಮೆದುಳಿನ ಪೆಪ್ಟೈಡ್ ಹಾರ್ಮೋನುಗಳ ಕುರಿತ ಸಂಶೋಧನೆಗಾಗಿ ಆಂಡ್ರ್ಯೂ ಶ್ಯಾಲಿ ಹಾಗೂ ರೋಜರ್ ಗಿಯಮನ್ ಅವರು 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಸಂಶೋಧನೆಯ ಆಧಾರದ ಮೇಲೆ ತಯಾರಾದ ಲ್ಯುಪ್ರೊಲೈಡ್ ಔಷಧಕ್ಕೆ ಅಮೆರಿಕದಲ್ಲಿ 1985ರಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಲ್ಯುಪ್ರೊಲೈಡ್ ಸೇರ್ಪಡೆಯಾಗಿದೆ.

3. ಔಷಧ ಮತ್ತು ಅವಧಿ

ಸಾಮಾನ್ಯವಾಗಿ ನೀಡಲಾಗುವ ಪ್ರಮಾಣಗಳು ಈ ಕೆಳಕಂಡಂತಿವೆ. ರೋಗಿಯ ಕಾಯಿಲೆಗೆ ಅನುಗುಣವಾಗಿ ವೈದ್ಯರು ಇವುಗಳಲ್ಲಿ ಸೂಕ್ತವಾದುದನ್ನು ಆಯ್ಕೆ ಮಾಡುತ್ತಾರೆ.

ಅ) ಲ್ಯುಪ್ರೊಲೈಡ್: 3.75 ಮಿಲಿಗ್ರಾಂ, ತಿಂಗಳಿಗೊಮ್ಮೆ, 11.25 ಅಥವಾ 22.5 ಮಿಲಿಗ್ರಾಂ, ಮೂರು ತಿಂಗಳಿಗೊಮ್ಮೆ.
ಆ) ಗೊಸೆರೆಲಿನ್: 3.6 ಮಿಲಿಗ್ರಾಂ, 28 ದಿನಗಳಿಗೊಮ್ಮೆ, 10.8 ಮಿಲಿಗ್ರಾಂ, 12 ವಾರಗಳಿಗೊಮ್ಮೆ. ಇದು ದ್ರವವಲ್ಲ, ಸಣ್ಣ ಕಡ್ಡಿಯ ರೂಪದಲ್ಲಿದ್ದು ಹೊಟ್ಟೆಯ ಚರ್ಮದಡಿ ಸೇರಿಸಲಾಗುತ್ತದೆ. ಸೂಜಿ ದಪ್ಪವಾಗಿರುವುದರಿಂದ ಆ ಜಾಗದಲ್ಲಿ ನೋವು, ಕಂದು ಕಲೆ ಉಂಟಾಗಬಹುದು.
ಇ) ಟ್ರಿಪ್ಟೊರೆಲಿನ್: 3.75 ಮಿಲಿಗ್ರಾಂ, ತಿಂಗಳಿಗೊಮ್ಮೆ, 11.25 ಮಿಲಿಗ್ರಾಂ, ಮೂರು ತಿಂಗಳಿಗೊಮ್ಮೆ.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು ಚುಚ್ಚುಮದ್ದಿಗೆ ಮುನ್ನ ಆ ವಿಷಯವನ್ನು ವೈದ್ಯರ ಗಮನಕ್ಕೆ ತರತಕ್ಕದ್ದು.

4. ಮೊದಲ ಮೂರು ವಾರಗಳು

ಮೊದಲ ಚುಚ್ಚುಮದ್ದಿನ ನಂತರ ಹಾರ್ಮೋನಿನ ಮಟ್ಟ ತಕ್ಷಣ ಇಳಿಯುವುದಿಲ್ಲ. ಪಿಟ್ಯುಟರಿ ಗ್ರಂಥಿಯು ಸುಮ್ಮನಾಗುವ ಮುನ್ನ ಒಂದೆರಡು ವಾರ ಹೆಚ್ಚು ಚುರುಕಾಗುತ್ತದೆ. ಆದುದರಿಂದ ಟೆಸ್ಟೋಸ್ಟೆರೋನ್ ಮೊದಲು ಏರಿ, ಅನಂತರ ಎರಡರಿಂದ ನಾಲ್ಕು ವಾರಗಳಲ್ಲಿ ಅತಿ ಕೆಳಮಟ್ಟಕ್ಕೆ ಇಳಿಯುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿರುವ ರೋಗಿಗಳಿಗೆ ಈ ದಿನಗಳಲ್ಲಿ ಮೂಳೆ ನೋವು ಹೆಚ್ಚಾಗಬಹುದು. ಇದನ್ನು ತಡೆಯಲು ವೈದ್ಯರು ಬೈಕಾಲುಟಮೈಡ್‌ನಂತಹ ಮಾತ್ರೆಯನ್ನು ಕೆಲವು ವಾರ ನೀಡುತ್ತಾರೆ. ಚುಚ್ಚುಮದ್ದು ಹಾಕಿಸಿಕೊಂಡಾಯಿತೆಂದು ಈ ಮಾತ್ರೆಯನ್ನು ಕೈಬಿಡಬಾರದು. ಡೆಗಾರೆಲಿಕ್ಸ್ ಎಂಬ ಬೇರೆ ಬಗೆಯ ಔಷಧದಲ್ಲಿ ಈ ಆರಂಭಿಕ ಏರಿಕೆ ಇರುವುದಿಲ್ಲ.

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ, ಅದೇ ದಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು:

- ಬೆನ್ನಿನಲ್ಲಿ ಹೊಸದಾಗಿ ಅಥವಾ ಏಕಾಏಕಿ ಹೆಚ್ಚಾದ ನೋವು
- ಕಾಲುಗಳಲ್ಲಿ ಬಲಹೀನತೆ, ಜೋಮು, ನಡೆಯಲು ಅಸಾಧ್ಯವಾಗುವುದು
- ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಮೇಲೆ ಹತೋಟಿ ತಪ್ಪುವುದು

ಇವು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವುದರ ಸೂಚನೆಯಾಗಿರಬಹುದು. ಚಿಕಿತ್ಸೆ ತಡವಾದಲ್ಲಿ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಗುವ ಅಪಾಯವಿದೆ.

5. ಪುರುಷ ರೋಗಿಗಳ ಅನುಭವ

ಪುರುಷರು ಹೆಚ್ಚಾಗಿ ಹೇಳುವ ತೊಂದರೆಯೆಂದರೆ ಮೈಗೆ ಝಳ ಹೊಡೆದಂತಾಗುವುದು. ಎದೆ, ಕುತ್ತಿಗೆ, ಮುಖ ಒಮ್ಮೆಲೇ ಬಿಸಿಯೇರಿ, ಕೆಲವು ನಿಮಿಷ ಬೆವರಿ, ಅನಂತರ ಚಳಿಯಾಗುತ್ತದೆ. ರಾತ್ರಿ ಎರಡು ಮೂರು ಬಾರಿ ಎಚ್ಚರವಾಗಿ ಅಂಗಿ ಬದಲಿಸಬೇಕಾಗುವುದೂ ಉಂಟು. ಇದನ್ನು ಜ್ವರವೆಂದು ಭಾವಿಸಿ ಜ್ವರದ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ. ಉಷ್ಣಮಾಪಕದಲ್ಲಿ ನೋಡಿದಾಗ ನಿಜವಾದ ಜ್ವರ ಕಂಡುಬಂದರೆ ಅದು ಬೇರೆ ವಿಷಯ. ಆಗ ವೈದ್ಯರನ್ನು ಕಾಣಬೇಕು. ತೆಳು ಹತ್ತಿ ಬಟ್ಟೆ ಧರಿಸುವುದು, ಗಾಳಿಯಾಡುವ ಕೋಣೆಯಲ್ಲಿ ಮಲಗುವುದು, ಬಿಸಿ ಕಾಫಿ, ಅತಿ ಖಾರ ಹಾಗೂ ಮದ್ಯವನ್ನು ಕಡಿಮೆ ಮಾಡುವುದು ಹಲವರಿಗೆ ಅನುಕೂಲವಾಗುತ್ತದೆ. ಅಷ್ಟಕ್ಕೂ ಶಮನವಾಗದಿದ್ದಲ್ಲಿ ವೈದ್ಯರ ಬಳಿ ಇದಕ್ಕೆ ಮಾತ್ರೆಗಳಿವೆ.

ಎರಡನೆಯದು ದಾಂಪತ್ಯಕ್ಕೆ ಸಂಬಂಧಿಸಿದುದು. ಕಾಮಾಸಕ್ತಿ ಕುಗ್ಗುವುದು ಹಾಗೂ ಲೈಂಗಿಕ ಸಾಮರ್ಥ್ಯ ಇಳಿಯುವುದು ಈ ಔಷಧದ ನೇರ ಪರಿಣಾಮ. ಇದರಲ್ಲಿ ರೋಗಿಯ ತಪ್ಪೇನೂ ಇಲ್ಲ. ಕಾರಣ ತಿಳಿಯದ ಪತ್ನಿಯು ಗಂಡನಿಗೆ ತನ್ನ ಮೇಲೆ ಬೇಸರ ಬಂದಿದೆ ಎಂದು ತಿಳಿಯುವ ಸಂದರ್ಭವಿರುತ್ತದೆ. ಚಿಕಿತ್ಸೆ ಆರಂಭಿಸುವ ಮುನ್ನ ದಂಪತಿಗಳಿಬ್ಬರೂ ವೈದ್ಯರೊಂದಿಗೆ ಕುಳಿತು ಮಾತನಾಡಿದಲ್ಲಿ ಮುಂದಿನ ಎಷ್ಟೋ ನೋವು ತಪ್ಪುತ್ತದೆ.

ಇದಲ್ಲದೆ ಆಯಾಸ, ತೂಕ ಹೆಚ್ಚುವುದು, ತೋಳು ತೊಡೆಗಳ ಮಾಂಸಖಂಡ ಸೊರಗುವುದು, ಎದೆಯ ಭಾಗ ಊದಿ ಮುಟ್ಟಿದರೆ ನೋಯುವುದು, ರಕ್ತಹೀನತೆ, ಮರೆವು, ಸಣ್ಣ ವಿಷಯಕ್ಕೂ ಕಣ್ಣೀರು ಬರುವುದು ಸಹ ಕಂಡುಬರುತ್ತವೆ. ಆಯಾಸಕ್ಕೆ ಹಾಸಿಗೆ ಹಿಡಿಯುವುದು ಪರಿಹಾರವಲ್ಲ. ಪ್ರತಿದಿನದ ನಡಿಗೆ ಹಾಗೂ ಶಕ್ತಿಗೆ ತಕ್ಕ ವ್ಯಾಯಾಮದಿಂದ ಆಯಾಸ ಕಡಿಮೆಯಾಗುತ್ತದೆ.

6. ಮಹಿಳೆಯರ ಅನುಭವ

ಮಹಿಳೆಯರಲ್ಲಿ ಈ ಔಷಧವು ತಾತ್ಕಾಲಿಕವಾಗಿ ಮುಟ್ಟು ನಿಂತ ಸ್ಥಿತಿಯನ್ನು ಉಂಟುಮಾಡುತ್ತದೆ. ಮೊದಲ ಕೆಲವು ವಾರಗಳಲ್ಲಿ ರಕ್ತಸ್ರಾವ ಅಥವಾ ನೋವು ಹೆಚ್ಚಾಗಬಹುದು. ಅನಂತರ ಮುಟ್ಟು ನಿಲ್ಲುತ್ತದೆ. ಮೂವತ್ತರ ವಯಸ್ಸಿನಲ್ಲಿಯೇ ಐವತ್ತರ ವಯಸ್ಸಿನ ತೊಂದರೆಗಳು, ಅಂದರೆ ಮೈ ಬಿಸಿಯೇರುವುದು, ನಿದ್ರಾಹೀನತೆ, ತಲೆನೋವು, ಯೋನಿಯ ಒಣಗುವಿಕೆ, ಕೀಲುನೋವು, ಸಿಡುಕು ಒಟ್ಟಿಗೆ ಬಂದುದಾಗಿ ರೋಗಿಗಳು ಹೇಳುತ್ತಾರೆ. ಹೊಟ್ಟೆನೋವು ಕಡಿಮೆಯಾದ ಮೇಲೂ ಏಕೆ ಗೊಣಗುವುದೆಂದು ಮನೆಯವರು ಕೇಳುವುದು ಸರಿಯಲ್ಲ. ಈ ತೊಂದರೆಗಳು ನಿಜವಾದವು.

ಎಂಡೊಮೆಟ್ರಿಯೋಸಿಸ್‌ಗೆ ಈ ಚುಚ್ಚುಮದ್ದನ್ನು ಒಂದೇ ಆಗಿ ನೀಡುವಾಗ ಸಾಮಾನ್ಯವಾಗಿ ಆರು ತಿಂಗಳಿಗೆ ಮಿತಿಗೊಳಿಸಲಾಗುತ್ತದೆ. ಮೂಳೆ ಸವೆಯುವುದೇ ಇದಕ್ಕೆ ಕಾರಣ. ಅಲ್ಪ ಪ್ರಮಾಣದ ಹಾರ್ಮೋನು ಮಾತ್ರೆಯನ್ನು ಜೊತೆಗೆ ನೀಡಿ ಮೂಳೆಯನ್ನು ರಕ್ಷಿಸುವ ಹಾಗೂ ಮೈಬಿಸಿಯನ್ನು ತಗ್ಗಿಸುವ ಪದ್ಧತಿಯೂ ಇದೆ. ಆದರೆ ಸ್ತನ ಕ್ಯಾನ್ಸರ್ ರೋಗಿಗಳಿಗೆ ಇದು ಅನ್ವಯಿಸುವುದಿಲ್ಲ.

ಮುಟ್ಟು ನಿಂತಿದೆಯೆಂದು ಗರ್ಭ ನಿಲ್ಲುವುದಿಲ್ಲವೆಂದು ಭಾವಿಸಬಾರದು. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಆದಕಾರಣ ಚಿಕಿತ್ಸೆಯ ಅವಧಿಯಲ್ಲಿ ಕಾಂಡೋಮ್‌ನಂತಹ ಹಾರ್ಮೋನುರಹಿತ ಗರ್ಭನಿರೋಧಕ ಬಳಸತಕ್ಕದ್ದು.

7. ಮಕ್ಕಳು

ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ ಮುನ್ನ, ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮುನ್ನ ಪ್ರೌಢತೆಯ ಗುರುತುಗಳು ಕಂಡರೆ ಅದನ್ನು ಅಕಾಲಿಕ ಪ್ರೌಢತೆ ಎನ್ನಲಾಗುತ್ತದೆ. ತಜ್ಞರು ಪರೀಕ್ಷಿಸಿ, ಅಗತ್ಯವಿರುವ ಮಕ್ಕಳಿಗೆ ಮಾತ್ರ ಚುಚ್ಚುಮದ್ದು ನೀಡುತ್ತಾರೆ. ಆರಂಭದಲ್ಲಿ ಹೆಣ್ಣುಮಗುವಿಗೆ ಸ್ವಲ್ಪ ರಕ್ತಸ್ರಾವವಾಗಬಹುದು. ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಬಹುದು. ಚಿಕಿತ್ಸೆ ನಿಲ್ಲಿಸಿದ ನಂತರ ಪ್ರೌಢತೆಯು ಮತ್ತೆ ಮುಂದುವರಿಯುತ್ತದೆ. ಮಗಳು ಮುಂದೆ ಋತುಮತಿಯಾಗುವುದೇ ಇಲ್ಲವೆಂಬ ಭಯಕ್ಕೆ ಆಧಾರವಿಲ್ಲ.

8. ಕಣ್ಣಿಗೆ ಕಾಣದ ಪರಿಣಾಮಗಳು

ಮೂಳೆ: ದೀರ್ಘಕಾಲ ಚುಚ್ಚುಮದ್ದು ಪಡೆಯುವವರಲ್ಲಿ ಮೂಳೆಯ ಸಾಂದ್ರತೆ ಇಳಿಯುತ್ತದೆ. ಮೂಳೆ ಮುರಿಯುವವರೆಗೆ ಇದು ತಿಳಿಯುವುದಿಲ್ಲ. ಡೆಕ್ಸಾ ಎಂಬ ಪರೀಕ್ಷೆಯಿಂದ ಮೊದಲೇ ತಿಳಿಯಬಹುದು. ವೈದ್ಯರು ಸೂಚಿಸಿದ ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿ ಸೇವಿಸಬೇಕು. ಹಾಲು, ಮೊಸರು, ಸೊಪ್ಪು, ರಾಗಿ ಊಟದಲ್ಲಿರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಧೂಮಪಾನ ಹಾಗೂ ಮದ್ಯಪಾನವನ್ನು ವರ್ಜಿಸುವುದು ಒಳಿತು.

ಸಕ್ಕರೆ ಮತ್ತು ಹೃದಯ: ಈ ಚಿಕಿತ್ಸೆ ಪಡೆಯುವ ಪುರುಷರಲ್ಲಿ ಮಧುಮೇಹ ಹಾಗೂ ಹೃದ್ರೋಗದ ಅಪಾಯ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಸೇರಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಸೂಚಿಸಿತು. ರಕ್ತದೊತ್ತಡ, ಸಕ್ಕರೆ ಹಾಗೂ ಕೊಬ್ಬಿನ ಅಂಶವನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಬೇಕು.

ಮನಸ್ಸು: ಎರಡು ವಾರಕ್ಕೂ ಮೀರಿ ಬೇಸರ, ನಿರಾಸಕ್ತಿ ಮುಂದುವರಿದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

9. ಚಿಕಿತ್ಸಾ ಸೌಲಭ್ಯ ಪಡೆಯುವ ವಿಧಾನ

ಈ ಚುಚ್ಚುಮದ್ದಿಗೆ ಪದೇ ಪದೇ ಹಣ ಹೊಂದಿಸಬೇಕಾಗಿರುವುದು ಅನೇಕ ಕುಟುಂಬಗಳಿಗೆ ಅಡ್ಡ ಪರಿಣಾಮಗಳಿಗಿಂತ ದೊಡ್ಡ ಚಿಂತೆ. ಕರ್ನಾಟಕದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಯೋಜನೆಯ ದರದ ಶೇಕಡ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಅರ್ಜಿದಾರರು ಈ ಕೆಳಕಂಡ ಕ್ರಮ ಅನುಸರಿಸಬೇಕು.

ಅ) ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು.
ಆ) ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳುವುದು.
ಇ) ವೈದ್ಯರು ಬರೆದಿರುವ ಔಷಧವು ಯೋಜನೆಯ ಪಟ್ಟಿಯಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ, ಪೂರ್ವಾನುಮತಿ ದೊರೆತ ನಂತರ ಚಿಕಿತ್ಸೆ ಪಡೆಯುವುದು.
ಈ) ಮುಂದಿನ ಚುಚ್ಚುಮದ್ದಿನ ದಿನಾಂಕಕ್ಕೆ ಸಾಕಷ್ಟು ಮೊದಲೇ ಪೂರ್ವಾನುಮತಿಯ ಬಗ್ಗೆ ವಿಚಾರಿಸುವುದು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಗಾಗಿ ಇರುವ ಸರ್ಕಾರಿ ಸಂಸ್ಥೆಯಾಗಿದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು ಜೀವನಪರ್ಯಂತ ಚುಚ್ಚುಮದ್ದಿನ ವೆಚ್ಚ ಭರಿಸಲು ಅಶಕ್ತರಾಗಿದ್ದಲ್ಲಿ, ವೃಷಣಗಳನ್ನು ತೆಗೆಯುವ ಒಂದೇ ಬಾರಿಯ ಶಸ್ತ್ರಕ್ರಿಯೆಯು ಇಂದಿಗೂ ಮಾನ್ಯವಾದ ಚಿಕಿತ್ಸೆಯಾಗಿದೆ. ಇದರ ಪರಿಣಾಮ ಶಾಶ್ವತವಾದುದರಿಂದ ವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸತಕ್ಕದ್ದು. ಹಣವಿಲ್ಲವೆಂದು ಚಿಕಿತ್ಸೆಯನ್ನೇ ಬಿಡುವುದು ಬೇಡ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚುಚ್ಚುಮದ್ದಿನ ದಿನ ತಪ್ಪಿಹೋದರೆ ಏನು ಮಾಡಬೇಕು?
ಉತ್ತರ: ಮುಂದಿನ ತಿಂಗಳವರೆಗೆ ಕಾಯದೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ತಡವಾದಷ್ಟೂ ಹಾರ್ಮೋನು ಮತ್ತೆ ಏರಿ ರೋಗಕ್ಕೆ ಪುಷ್ಟಿ ದೊರೆಯುವ ಸಂಭವವಿದೆ.

ಪ್ರಶ್ನೆ: ಪಿ.ಎಸ್.ಎ. ಇಳಿದಿದೆ, ಚುಚ್ಚುಮದ್ದು ನಿಲ್ಲಿಸಬಹುದೇ?
ಉತ್ತರ: ಪಿ.ಎಸ್.ಎ. ಇಳಿದಿರುವುದು ಚಿಕಿತ್ಸೆ ಫಲ ನೀಡುತ್ತಿರುವುದರ ಗುರುತು. ರೋಗ ಪೂರ್ಣ ಗುಣವಾಗಿದೆ ಎಂದಲ್ಲ. ನಿಲ್ಲಿಸುವ ಅಥವಾ ಬಿಡುವು ನೀಡುವ ತೀರ್ಮಾನವನ್ನು ವೈದ್ಯರೇ ಕೈಗೊಳ್ಳಬೇಕು.

ಪ್ರಶ್ನೆ: ಚಿಕಿತ್ಸೆ ನಿಂತ ಮೇಲೆ ಅಡ್ಡ ಪರಿಣಾಮಗಳು ಹೋಗುವುವೇ?
ಉತ್ತರ: ಮಹಿಳೆಯರಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಟ್ಟು ಮರಳುತ್ತದೆ. ಪುರುಷರಲ್ಲಿ ಟೆಸ್ಟೋಸ್ಟೆರೋನ್ ಮರಳಲು ಹಲವು ತಿಂಗಳು ಬೇಕಾಗಬಹುದು. ವಯಸ್ಸಾದವರಲ್ಲಿ ಹಾಗೂ ವರ್ಷಗಟ್ಟಲೆ ಚಿಕಿತ್ಸೆ ಪಡೆದವರಲ್ಲಿ ಪೂರ್ಣವಾಗಿ ಮರಳದೆಯೂ ಇರಬಹುದು.

ಪ್ರಶ್ನೆ: ವೈದ್ಯರ ಬಳಿ ಹೋಗುವಾಗ ಏನನ್ನು ಬರೆದುಕೊಂಡು ಹೋಗಬೇಕು?
ಉತ್ತರ: ಔಷಧದ ಹೆಸರು, ಪ್ರಮಾಣ, ಚುಚ್ಚಿದ ದಿನಾಂಕ, ಮುಂದಿನ ದಿನಾಂಕ, ಕಂಡ ತೊಂದರೆ ಹಾಗೂ ಅದು ಆರಂಭವಾದ ದಿನ. ಬಾಯಿಬಿಟ್ಟು ಹೇಳಲು ಸಂಕೋಚವಾಗುವ ವಿಷಯವನ್ನು ಬರೆದು ನೀಡಬಹುದು.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಯೋಜನೆಯ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.